ಲಂಗರಿಗೆ ಸಿಕ್ಕ ಹಗ್ಗ

"ಎಳೀರಿ, ನಿಲ್ಲಿಸಬೇಡಿ."

"ಎಳೀತಾನೇ ಇದ್ದೀನಲ್ಲ. ಏನೋ ಕಚ್ಚಿಕೊಂಡಿದೆ ಕಣೆ. ಸಮುದ್ರದ ತಳವೇ ಎದ್ದು ಬರೋ ಹಾಗಿದೆ."

ಬಡಗಿ ಒಂದು ಕಾಲನ್ನು ದೋಣಿಯ ಮೂತಿಗೆ ಒತ್ತಿ ಸರಪಳಿ ಜಗ್ಗಿದ. ಅವನ ಹಿಂದೆ ನಿಂತು ಹೆಂಡತಿಯೂ ಕೈ ಹಚ್ಚಿದಳು. ಬೆಳಗಿನ ಜಾವ ಬೀಸಿದ ಗಾಳಿಗೆ ಲಂಗರು ಕಿತ್ತು, ದೋಣಿ ಹಿನ್ನೀರಿನ ಅಂಚಿನಿಂದ ನಡುಮಧ್ಯಕ್ಕೆ ಜಾರಿ ಬಂದಿತ್ತು. ಲಂಗರನ್ನು ಎತ್ತಿ, ವಾಪಸು ದಡದ ಹತ್ತಿರ ಹೋಗಿ ಮತ್ತೆ ಇಳಿಸಬೇಕು. ಹತ್ತು ನಿಮಿಷದ ಕೆಲಸ. ಅರ್ಧ ಗಂಟೆಯಾಗಿತ್ತು.

"ನಿನ್ನ ದೋಣಿ ತೂಗುತ್ತೆ, ತೇಲುತ್ತೆ. ನಿಲ್ಲೋದೊಂದನ್ನ ಮಾತ್ರ ಕಲಿಸಲಿಲ್ಲ ನೀನು ಅದಕ್ಕೆ," ಎಂದರು ಅತ್ತೆ, ಹೆಣಿಗೆಯಿಂದ ತಲೆ ಎತ್ತದೆ. ಮಗ ಎರಡು ವರ್ಷ ಕೂತು ಕಟ್ಟಿದ ದೋಣಿ, ಈಗ ನಾಲ್ವರಿಗೂ ಅದೇ ಮನೆ. ನೀರಿಗಿಳಿದ ದಿನವೇ ಎಡಕ್ಕೂ ಬಲಕ್ಕೂ ಓಲಾಡಿಕೊಂಡು ಹೊರಟದ್ದು ನೋಡಿ ಅದಕ್ಕೆ 'ಬಾತುಕೋಳಿ' ಎಂದು ಹೆಸರಿಟ್ಟವರೂ ಅವರೇ.

ಲಂಗರು ನೀರಿನಿಂದ ಮೇಲೆದ್ದಿತು. ಅದರ ಕೊಂಡಿಗೆ ಒಂದು ಹಗ್ಗ ಸಿಕ್ಕಿತ್ತು. ಹಗ್ಗದ ಒಂದು ತುದಿಯಲ್ಲಿ ರೊಟ್ಟಿ ಕಲ್ಲಿನಷ್ಟು ಅಗಲದ, ಎರಡಂಗುಲ ದಪ್ಪದ ಕಬ್ಬಿಣದ ಬಿಲ್ಲೆ ತೂಗಾಡುತ್ತಿತ್ತು.

ಹಗ್ಗದ ಮೇಲೆ ಮಾರುದ್ದಕ್ಕೊಂದರಂತೆ ಬಟ್ಟೆಯ ಚೂರು ಹೊಲಿದಿದ್ದರು. ಕೆಂಪು, ಬಿಳಿ, ನೀಲಿ. ಮತ್ತೆ ಕೆಂಪು.

"ನಕ್ಷೆ ಅಂಕಲ್‌ದು ಅದು," ಎಂದಳು ಹತ್ತು ವರ್ಷದ ಮಗಳು ಗುಬ್ಬಿ. "ಆಳ ಅಳೆಯೋ ಹಗ್ಗ. ನನಗೂ ಒಂದ್ಸಲ ಹಿಡಿಯೋಕೆ ಕೊಟ್ಟಿದ್ರು."

ನೆರೆಯ ಹಳದಿ ದೋಣಿಯಲ್ಲಿದ್ದು ಸಮುದ್ರತಳ ಅಳೆದು ನಕ್ಷೆ ಬರೆಯುತ್ತಿದ್ದ ನಕ್ಷೆಯವರು ಮಾಯವಾಗಿ ಅಂದಿಗೆ ಐದು ದಿನ. ಅದೂ ಇಲ್ಲಲ್ಲ, ನಾಲ್ಕು ದಿನದ ಹಿಂದಿನವರೆಗೆ ಬಾತುಕೋಳಿ ನಿಂತಿದ್ದ, ಹದಿನಾಲ್ಕು ಮೈಲಿ ದೂರದ ಕೊಲ್ಲಿಯಲ್ಲಿ. ಈಜಲು ಹೋಗಿ ಮುಳುಗಿರಬೇಕು ಎಂದು ಬಂದರಿನ ಅಧಿಕಾರಿ ಷರಾ ಬರೆದು ಕೈತೊಳೆದುಕೊಂಡಿದ್ದ. ಅವರ ಹೆಂಡತಿ ಅದಕ್ಕೂ ಮೊದಲೇ ತವರಿಗೆ ಹೋಗಿದ್ದಳಂತೆ.

ಬಡಗಿ ಸೊಂಟದ ಚಾಕು ತೆಗೆದ. "ಯಾವುದೋ ಹಳೇ ಹಗ್ಗ. ಕತ್ತರಿಸಿ ಬಿಟ್ಟುಬಿಡ್ತೀನಿ. ಬಿಸಿಲೇರೋದ್ರೊಳಗೆ ಲಂಗರು ಹಾಕಬೇಕು."

ಹೆಂಡತಿ ಅವನ ಮಣಿಕಟ್ಟು ಹಿಡಿದಳು. ಮೆತ್ತಗೇ ಹಿಡಿದಳು, ಆದರೆ ಬಿಡಲಿಲ್ಲ. "ಮೇಲಕ್ಕೆ ತನ್ನಿ."

ಹದಿನಾರು ವರ್ಷ ಪೊಲೀಸ್ ಇಲಾಖೆಯ ಬೆರಳುಮುದ್ರೆ ವಿಭಾಗದಲ್ಲಿ ದುಡಿದವಳು ಅವಳು. ಅಲ್ಲಿನವರು ಇಟ್ಟ 'ಬೆರಳಮ್ಮ' ಎಂಬ ಅಡ್ಡಹೆಸರು ಕೆಲಸ ಬಿಟ್ಟರೂ ಬಿಟ್ಟಿರಲಿಲ್ಲ. ಗಂಡ ಮೂರು ಕ್ಷಣ ಅವಳ ಮುಖ ನೋಡಿ ಚಾಕುವನ್ನು ಒರೆಗೆ ಸೇರಿಸಿದ. ಮೊದಲ ಸಲ ಅದರ ಮೊನೆ ಒರೆಯ ಬಾಯಿ ತಪ್ಪಿತು. ಸರಪಳಿ ಎಳೆದ ಸುಸ್ತು ಎಂದುಕೊಂಡಳು.

ಹಾಗೆ ಅಂದುಕೊಳ್ಳುವುದು ಅವಳಿಗೆ ಬೇಕಾಗಿತ್ತು.

*

ಗುಬ್ಬಿಯನ್ನು ಒಳಗೆ ಕಳಿಸಿ, ಹಗ್ಗವನ್ನು ಬಿಳಿ ಚಾದರದ ಮೇಲೆ ಹರಡಿದಳು.

ಹಗ್ಗ ಹೊಸದು. ಪಾಚಿ ಹಿಡಿದಿರಲಿಲ್ಲ. ನೀರಲ್ಲಿ ಬಿದ್ದು ಒಂದು ವಾರವೂ ಆಗಿರಲಿಕ್ಕಿಲ್ಲ. ಒಂದು ತುದಿ ಕಬ್ಬಿಣಕ್ಕೆ. ಇನ್ನೊಂದು ತುದಿಯಲ್ಲಿ ಕುಣಿಕೆ. ಕುಣಿಕೆಯ ಗಂಟು ಬಿಚ್ಚಿರಲಿಲ್ಲ, ಯಾರೂ ಕತ್ತರಿಸಿರಲಿಲ್ಲ. ಒಳಗಿದ್ದದ್ದು ಮಾತ್ರ ನುಣುಚಿಕೊಂಡು ಹೋಗಿತ್ತು.

ಅವಳು ಎರಡೂ ಕೈಯಲ್ಲಿ ಕುಣಿಕೆಯನ್ನು ಅಗಲಿಸಿ ಹಿಡಿದಳು. ಯಾವ ಯೋಚನೆಯೂ ಇಲ್ಲದೆ ಅದನ್ನು ತನ್ನ ಸೊಂಟದ ಮಟ್ಟಕ್ಕೆ ತಂದಳು. ಸುತ್ತಳತೆ ಸರಿಹೊಂದಿತು. ತಕ್ಷಣ ಕೆಳಗಿಟ್ಟಳು.

"ಏನು ಕಟ್ಟಿರಬಹುದು?" ಎಂದರು ಅತ್ತೆ. ಅವರ ಸೂಜಿಗಳು ಮೊದಲ ಬಾರಿಗೆ ನಿಂತಿದ್ದವು.

"ಪೆಟ್ಟಿಗೆಯಂತೂ ಅಲ್ಲ ಅತ್ತೆ. ಪೆಟ್ಟಿಗೆಗೆ ಕಟ್ಟಿದ್ರೆ ನಾಲ್ಕು ಮೂಲೆಯಲ್ಲಿ ಹಗ್ಗ ಮಡಚಿದ ಗುರುತು ಇರ್ತಿತ್ತು. ಇದು ಸುತ್ತಲೂ ಒಂದೇ ಸಮ. ದುಂಡಗಿನದ್ದೇನೋ."

ಗಂಟನ್ನು ಬೆಳಕಿಗೆ ತಿರುಗಿಸಿದಳು. ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ಸುಲಭವಾಗಿರಲಿಲ್ಲ. ಕಣ್ಣುಹುಬ್ಬಿನ ಚಿಮಟದಿಂದ ಹತ್ತು ನಿಮಿಷ ಎಳೆ ಎಳೆ ಬಿಡಿಸಿದ ಮೇಲೆ ಅದು ಬಂತು. ಮೊಳದುದ್ದದ ಒಂದು ಕೂದಲು. ತುದಿಯ ಕಡೆ ಕಪ್ಪು, ಬಣ್ಣ ಹಚ್ಚಿದ ಕಪ್ಪು. ಬುಡದಲ್ಲಿ ಒಂದಂಗುಲ ಬಿಳಿ.

ನಕ್ಷೆಯವರ ತಲೆ ಹೆಂಚಿನ ಹಾಗೆ ನುಣ್ಣಗಿತ್ತು. ಅತ್ತೆಯದು ಗಿಡ್ಡ ಕತ್ತರಿಸಿದ ಬೆಳ್ಳಿ ಕೂದಲು. ಅವಳದ್ದು ಇನ್ನೂ ಬಣ್ಣ ಕಂಡಿರಲಿಲ್ಲ.

ಕೂದಲನ್ನು ಕಾಗದದಲ್ಲಿ ಮಡಚಿ ಜೇಬಿಗೆ ಹಾಕಿದಳು. ಆಮೇಲೆ ಕಬ್ಬಿಣದ ಬಿಲ್ಲೆಯ ಕೆಸರನ್ನು ಹೆಬ್ಬೆರಳಿಂದ ಒರೆಸಿದಳು. ಅದರಡಿ ಹೊಳಪು ಇನ್ನೂ ಇತ್ತು. ಯಾರೋ ಇದನ್ನು ತಪ್ಪದೆ ಉಜ್ಜಿ ಇಟ್ಟುಕೊಂಡಿದ್ದರು. ನಡುವೆ ಸೀಳು, ಕಂಬಿಗೆ ಏರಿಸಲು. ಅಂಚಿನಲ್ಲಿ ಉಳಿಯಿಂದ ಕೊರೆದ ಅಂಕಿ: ಏಳು.

ಏಳು ಇದ್ದರೆ ಆರೂ ಇರಬೇಕು, ಎಂಟೂ ಇರಬೇಕು. ಅವಳು ತಲೆಯೆತ್ತಿದಳು. ಹಿನ್ನೀರಿನ ಬಾಯಲ್ಲಿ, ಬಂಡೆಯ ಮೇಲೆ, ಹಳೆಯ ದೀಪಸ್ತಂಭ ನಿಂತಿತ್ತು.

"ನಾನು ದಡಕ್ಕೆ ಹೋಗಿ ಬರ್ತೀನಿ."

"ನಾನೂ ಬರ್ತೀನಿ," ಎಂದ ಗಂಡ, ಸ್ವಲ್ಪ ಬೇಗನೆ. "ಕುಡಿಯೋ ನೀರು ತಳ ಕಂಡಿದೆ."

*

ನೂರ ತೊಂಬತ್ತು ಮೆಟ್ಟಿಲು. ದೀಪ ಕಾಯುವ ಮುದುಕ ಅವಳಿಗಿಂತ ಮುಂದೆ, ಏದುಸಿರಿಲ್ಲದೆ, ಮಾತಾಡಿಕೊಂಡೇ ಹತ್ತಿದ. ಅವನಿಗೆ ಮನುಷ್ಯರು ಸಿಗುವುದು ಅಪರೂಪ. ಸಿಕ್ಕವರನ್ನು ಸುಲಭಕ್ಕೆ ಬಿಡುವವನಲ್ಲ.

"ಮೊದಲು ಈ ದೀಪ ತಿರುಗ್ತಾ ಇದ್ದದ್ದೇ ತೂಕದ ಬಲದಿಂದ ಕಣಮ್ಮ. ಗೋಡೆ ಗಡಿಯಾರದ ಹಾಗೆ. ಹನ್ನೆರಡು ಬಿಲ್ಲೆ, ಒಂದರ ಮೇಲೊಂದು. ಮೂರು ಗಂಟೆಗೊಂದ್ಸಲ ಕೀಲಿ ಕೊಡಬೇಕಾಗಿತ್ತು. ಈಗ ಕರೆಂಟು ಬಂತು. ನಾನೂ ಬಿಲ್ಲೆಗಳೂ ಒಂದೇ, ಕೆಲಸ ಇಲ್ಲ, ಆದ್ರೂ ಸೋಮವಾರ ಸೋಮವಾರ ಉಜ್ಜಿಸಿಕೊಳ್ತೀವಿ."

ಮೇಲಿನ ಕೋಣೆಯ ಮೂಲೆಯಲ್ಲಿ ಬಿಲ್ಲೆಗಳನ್ನು ಒಪ್ಪವಾಗಿ ಪೇರಿಸಿಟ್ಟಿದ್ದ. ಅವಳು ಅಂಚಿನ ಅಂಕಿಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದಳು. ಆರರ ಮೇಲೆ ಎಂಟು ಕೂತಿತ್ತು.

"ಏಳನೇದು ಎಲ್ಲಿ ತಾತ?"

"ಕಡ ಕೊಟ್ಟಿದ್ದೀನಿ." ಅವನು ಸ್ವಲ್ಪವೂ ಅಳುಕಲಿಲ್ಲ. "ಲಂಗರು ಹಗುರ, ತೂಕ ಸಾಲದು ಅಂತ ಒಬ್ಬರು ಕೇಳಿದ್ರು. ಸಮುದ್ರದವರು ಕೇಳಿದಾಗ ಇಲ್ಲ ಅನ್ನಬಾರದು. ಆದ್ರೆ ಸರ್ಕಾರಿ ಸಾಮಾನು ನೋಡಿ, ಬರೆಸಿಕೊಂಡೆ."

ದಪ್ಪ ರಿಜಿಸ್ಟರು ತೆಗೆದು, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ. ಐದು ದಿನದ ಹಿಂದಿನ ತಾರೀಖು. 'ತೂಕದ ಬಿಲ್ಲೆ ನಂ. ೭, ಒಂದು. ವಾಪಸು ಕೊಡತಕ್ಕದ್ದು.' ಅದರ ಮುಂದೆ ಸಹಿ.

ಪೆನ್ನಿನದಲ್ಲ, ಪೆನ್ಸಿಲಿನದು. ಚಪ್ಪಟೆ ಮೊನೆಯ, ದಪ್ಪ ಗೆರೆ ಬೀಳುವ ಪೆನ್ಸಿಲು, ಮರಗೆಲಸದವರು ಕಿವಿಗೆ ಸಿಕ್ಕಿಸಿಕೊಳ್ಳುವಂಥದ್ದು. ಸಹಿಯಡಿಯಲ್ಲಿ ಗರಗಸ ಹಾಯಿಸಲು ಗುರುತು ಹಾಕಿದ ಹಾಗೆ ಒಂದು ನೇರ ಗೀಟು.

ಮದುವೆಯ ಕಾಗದದ ಮೇಲೆ ಅವಳು ನೋಡಿದ್ದು ಇದೇ ಸಹಿ. ಗುಬ್ಬಿಯ ಶಾಲೆಯ ಅರ್ಜಿಯ ಮೇಲೂ ಇದೇ. ಸಾವಿರ ಜನರ ಬೆರಳ ಗೆರೆಗಳನ್ನು ಹೋಲಿಸಿ ನೋಡಿ, ಇದು ಹೌದು, ಇದು ಅಲ್ಲ ಎಂದು ಕೋರ್ಟಿನಲ್ಲಿ ನಿಂತು ಹೇಳಿದವಳು ಅವಳು. ಈಗ ಭೂತಗನ್ನಡಿ ಬೇಕಿರಲಿಲ್ಲ.

ಐದು ದಿನದ ಹಿಂದೆ ಅವನು ಬೆಳಿಗ್ಗೆ ಹೊರಟು ಸಂಜೆ ಬಂದಿದ್ದ. ಪಟ್ಟಣದ ಮರದ ಮಂಡಿಗೆ ಹೋಗಿದ್ದೆ ಎಂದಿದ್ದ. ಹಲಗೆ ಎಲ್ಲಿ ಎಂದು ಕೇಳಿದ್ದಕ್ಕೆ, ಮರ ಹಸಿಯಿತ್ತು, ತರಲಿಲ್ಲ ಎಂದಿದ್ದ.

"ಒಬ್ಬರೇ ಬಂದಿದ್ರಾ?" ಎಂದಳು, ರಿಜಿಸ್ಟರು ಮುಚ್ಚುತ್ತಾ.

"ಮೇಲೆ ಬಂದದ್ದು ಒಬ್ಬರೇ. ಕೆಳಗೆ ಬೂದು ಬಣ್ಣದ ಮೋಟರು ದೋಣಿಯಲ್ಲಿ ಇನ್ನೊಬ್ಬರು ಕೂತಿದ್ರು. ಟೋಪಿ ಹಾಕಿಕೊಂಡು, ಬೆನ್ನು ಈ ಕಡೆ."

"ಅಲುಗಾಡ್ತಾ ಇದ್ರಾ?"

ಮುದುಕ ವಿಚಿತ್ರವಾಗಿ ನೋಡಿದ. "ಬೀಡಿ ಸೇದ್ತಾ ಇದ್ರು. ಅಲುಗಾಡದೆ ಬೀಡಿ ಸೇದೋಕಾಗುತ್ತಾ?"

ನಕ್ಷೆಯವರು ಬೀಡಿ ಸೇದುತ್ತಿದ್ದರು. ಹಾಗಾದರೆ ಈ ಬಂಡೆಯ ಬುಡದವರೆಗೂ ಅವರು ಬದುಕಿ ಬಂದಿದ್ದರು. ಬದುಕಿದ್ದವರನ್ನು ದೋಣಿಯಲ್ಲಿ ಕೂರಿಸಿ, ಮೇಲೆ ಬಂದು ತೂಕ ಕೇಳಿಕೊಂಡು ಹೋದವನು ಅವಳ ಗಂಡ.

ಅವಳು ಹೊರಗಿನ ಜಗುಲಿಗೆ ಬಂದು ಕಂಬಿ ಹಿಡಿದು ನಿಂತಳು. ಕೆಳಗೆ ಹಿನ್ನೀರು ತಟ್ಟೆಯ ಹಾಗೆ ಹರಡಿತ್ತು. ಉಪ್ಪುನೀರಲ್ಲಿ ಬೇರಿಳಿಸಿ ನಿಂತ ಗಿಡಗಳು ಅದರ ಸುತ್ತ ಗೋಡೆ ಕಟ್ಟಿದ್ದವು. ಮುದುಕನ ದುರ್ಬೀನು ಕಣ್ಣಿಗಿಟ್ಟಳು. ಬಾತುಕೋಳಿ ಲಂಗರು ಮತ್ತೆ ಇಳಿಸಿದ ಹೊಸ ಜಾಗದಲ್ಲಿ ಅಲ್ಲಾಡದೆ ನಿಂತಿತ್ತು. ಅತ್ತೆಯ ಬೆಳ್ಳಿ ತಲೆ ನೆರಳಿನಲ್ಲಿತ್ತು. ಗುಬ್ಬಿ ಬಗ್ಗಿ ನೀರಿಗೆ ಏನೋ ಎಸೆಯುತ್ತಿದ್ದಳು.

ಸೊಂಟದ ಕೈರೇಡಿಯೋ ಕರಕರ ಎಂದಿತು. ಯಾರಾದರೂ ದಡಕ್ಕೆ ಹೋದರೆ ಅರ್ಧ ಗಂಟೆಗೊಮ್ಮೆ ಕರೆಯಬೇಕೆಂಬುದು ಮನೆಯ ನಿಯಮ. ಅದನ್ನು ಎಲ್ಲರಿಗಿಂತ ಚೆನ್ನಾಗಿ ಪಾಲಿಸುವವಳು ಗುಬ್ಬಿ.

"ಅಮ್ಮ, ಅಜ್ಜಿ ಹೆಣೆದಿದ್ದನ್ನೆಲ್ಲ ಬಿಚ್ಚಿ ಮತ್ತೆ ಶುರು ಮಾಡಿದ್ದಾರೆ. ಒಂದು ಕಡೆ ತಪ್ಪಿತ್ತಂತೆ. ನನಗೆ ಬೋರು."

"ಅಜ್ಜಿ ಹತ್ತಿರಾನೇ ಇರು. ಬೇಗ ಬರ್ತೀನಿ."

"ನಿನ್ನ ದನಿ ಯಾಕೆ ಹಾಗಿದೆ?"

"ಮೆಟ್ಟಿಲು ಹತ್ತಿದ್ದೀನಿ ಪುಟ್ಟಿ."

ದುರ್ಬೀನನ್ನು ದಡಕ್ಕೆ ತಿರುಗಿಸಿದಳು. ನಲ್ಲಿಯ ಹತ್ತಿರ ನೀರಿನ ಕ್ಯಾನುಗಳು ಮುಚ್ಚಳ ಸಹ ತೆಗೆಯದೆ ನಿಂತಿದ್ದವು. ಗಂಡ ಅಲ್ಲಿರಲಿಲ್ಲ. ದಾರಿಯ ಕೊನೆಯಲ್ಲಿ, ಮುಚ್ಚಿ ವರ್ಷಗಳಾದ ಐಸ್ ಕಾರ್ಖಾನೆಯ ಕಡೆಗೆ ಅವನು ಬೇಗಬೇಗ ನಡೆಯುತ್ತಿದ್ದ. ಕೈಯಲ್ಲಿ ಊಟದ ಡಬ್ಬಿ. ಬಾಗಿಲ ಬಳಿ ನಿಂತು ಹಿಂದಕ್ಕೊಮ್ಮೆ ನೋಡಿ ಒಳಗೆ ಹೋದ.

ಹದಿಮೂರು ವರ್ಷ ಪಕ್ಕದಲ್ಲಿ ಮಲಗಿದ ಮನುಷ್ಯ ಹೀಗೆ ಹಿಂದೆ ತಿರುಗಿ ನೋಡುವುದನ್ನು ಅವಳು ಯಾವತ್ತೂ ಕಂಡಿರಲಿಲ್ಲ.

*

ಕಾರ್ಖಾನೆಯ ಒಳಗೆ ಬೆಳಕು ಚಾವಣಿಯ ತೂತುಗಳಿಂದ ಮಾತ್ರ ಬೀಳುತ್ತಿತ್ತು. ನೆಲದ ತುಂಬ ಮರದ ಹೊಟ್ಟು. ಸಾಲಾಗಿ ತುಕ್ಕು ಹಿಡಿದ ಐಸಿನ ಅಚ್ಚುಗಳು, ಒಂದೊಂದೂ ಆಳುದ್ದ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲಿ ಎಂದು ತಿಳಿಯಲಿಲ್ಲ.

ಬಾಗಿಲ ಪಕ್ಕದ ಗೋಡೆಗೆ ಐಸ್ ಎಳೆಯುವ ಕೊಕ್ಕೆ ತೂಗುಹಾಕಿತ್ತು. ಅವಳು ಸದ್ದಾಗದಂತೆ ಅದನ್ನು ತೆಗೆದುಕೊಂಡಳು.

ಗಂಡ ಒಳಗಿನ ಕೋಣೆಯಲ್ಲಿ ಬೆನ್ನು ಹಾಕಿ ನಿಂತಿದ್ದ. ಅವನ ಕಾಲ ಬಳಿ ಚಾಪೆ. ಚಾಪೆಯ ಮೇಲೆ ಅತ್ತೆ ಹೆಣೆದ ನೀಲಿ ಕಂಬಳಿ, ದೋಣಿಯಿಂದ ಮೂರು ದಿನದ ಹಿಂದೆ ಕಾಣೆಯಾಗಿದ್ದದ್ದು. ಸುತ್ತಲೂ ಬೀಡಿ ತುಂಡು.

"ನೀರು ಹಿಡಿಯೋದಕ್ಕೆ ಇಲ್ಲಿವರೆಗೂ ಬರಬೇಕಿತ್ತಾ?"

ಅವನು ತಿರುಗಿದ. ಮೊದಲು ಅವಳ ಮುಖ, ಆಮೇಲೆ ಅವಳ ಕೈಯಲ್ಲಿದ್ದ ಕೊಕ್ಕೆ ನೋಡಿದ.

"ಅದು ನನ್ನ ಮೇಲೆ ಎತ್ತೋದಕ್ಕಾ?"

"ಗೊತ್ತಿಲ್ಲ," ಎಂದಳು. ಅದು ನಿಜವಾಗಿತ್ತು. "ನೀವು ಹೇಳೋದರ ಮೇಲೆ."

"ರಿಜಿಸ್ಟರು ನೋಡಿದೆಯಾ?"

"ನೋಡಿದೆ. ಗೀಟು ಸಮೇತ."

ಅವನು ಒಂದು ಐಸಿನ ಅಚ್ಚಿನ ಅಂಚಿಗೆ ಕುಸಿದು ಕೂತ. ಅವಳು ಕೂರಲಿಲ್ಲ. ಬಾಗಿಲು ತನ್ನ ಬೆನ್ನಿಗಿರುವಂತೆ ನಿಂತಳು.

"ಅವರು ಸತ್ತಿಲ್ಲ ಕಣೆ," ಎಂದ. "ನಕ್ಷೆಯವರು. ಐದು ದಿನದಿಂದ ಇಲ್ಲೇ ಇದ್ದಾರೆ. ನಾನೇ ಇಟ್ಟಿದ್ದೀನಿ."

ಅವಳು ಏನೂ ಹೇಳಲಿಲ್ಲ. ಹದಿನಾರು ವರ್ಷದಲ್ಲಿ ಕಲಿತ ಇನ್ನೊಂದು ವಿದ್ಯೆ ಅದು. ಸುಮ್ಮನಿದ್ದರೆ ಎದುರಿನವನು ತಾನಾಗಿ ಮಾತು ತುಂಬುತ್ತಾನೆ.

"ಆ ದಿನ ಬೆಳಿಗ್ಗೆ ನನ್ನನ್ನ ಕರೆದ್ರು. ಆಳ ಅಳೆಯೋವಾಗ ತಳದಲ್ಲಿ ಯಾರದೋ ಮುಳುಗಿಸಿದ ಲಾಂಚು ಕಂಡಿದೆಯಂತೆ. ಕಳ್ಳ ಸಾಗಣೆಯವರದ್ದು. ಅವರಿಗೆ ಗೊತ್ತಾಗಿಹೋಗಿದೆ, ನನ್ನನ್ನ ಉಳಿಸಲ್ಲ, ನಾನು ಸತ್ತೆ ಅಂತ ಊರು ನಂಬಬೇಕು ಅಂದ್ರು. ಕಣ್ಣಲ್ಲಿ ನೀರು ಹಾಕಿಕೊಂಡ್ರು."

"ನನಗ್ಯಾಕೆ ಹೇಳಲಿಲ್ಲ?"

"ನಿನಗೆ ಹೇಳಬೇಡಿ ಅಂತ ಕೈ ಹಿಡಿದು ಕೇಳಿಕೊಂಡ್ರು. ನೀನು ಇಲಾಖೆಯಲ್ಲಿದ್ದವಳು, ಬಂದರಿನ ಅಧಿಕಾರಿಗೆ ಹೇಳದೆ ಇರಲ್ಲ, ಆ ಅಧಿಕಾರಿ ಅವರ ಕಡೆಯವನೇ ಅಂದ್ರು." ಅವನು ಮುಖ ಉಜ್ಜಿಕೊಂಡ. "ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂದುಕೊಂಡೆ. ಒಂದು ವಾರ ಊಟ ಹಾಕೋದು, ಆಮೇಲೆ ಅವರೇ ದಾರಿ ನೋಡಿಕೊಳ್ತಾರೆ ಅಂತ."

"ಹಗ್ಗ?"

"ಅವರ ದಾಖಲೆಗಳು. ಅಳತೆ ಪುಸ್ತಕ, ನಕ್ಷೆ, ಎಲ್ಲಾನೂ ಹಳೇ ಹಾಯಿಬಟ್ಟೆಯಲ್ಲಿ ಸುತ್ತಿ ಹೊಲಿದಿದ್ರು. ಯಾರ ಕೈಗೂ ಸಿಗಬಾರದು, ಬೇಕಾದಾಗ ನಾನೇ ಎತ್ತಿಕೊಳ್ತೀನಿ ಅಂದ್ರು. ತೂಕ ನಾನು ತಂದೆ. ಅವರ ಹಗ್ಗದಲ್ಲೇ ಇಬ್ಬರೂ ಸೇರಿ ಕಟ್ಟಿ, ಹಿನ್ನೀರಿನ ನಡುಮಧ್ಯ ಇಳಿಸಿದ್ವಿ. ಅದಕ್ಕೇ ನಾನು ಇಲ್ಲಿಗೆ ಬಂದ ದಿನ ಲಂಗರನ್ನ ಅಂಚಿಗೆ ಹಾಕಿದ್ದು. ಗಾಳಿ ಅದನ್ನ ಅಲ್ಲಿಗೇ ಎಳ್ಕೊಂಡು ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಇವನು ಸುಳ್ಳು ಹೇಳುವಾಗ ಎಡಕ್ಕೆ ನೋಡುತ್ತಾನೆ, ಮರ ಹಸಿಯಿತ್ತು ಎಂದಾಗಲೂ ಹಾಗೇ ನೋಡಿದ್ದ. ಈಗ ನೇರ ನೋಡುತ್ತಿದ್ದ. ಗಂಡ ಕೊಲೆಗಾರನಲ್ಲ, ದಡ್ಡ. ದಡ್ಡನ ಜೊತೆ ಬಾಳಬಹುದು, ಎಷ್ಟೋ ಜನ ಬಾಳಿದ್ದಾರೆ.

ಆದರೆ ಜೇಬಿನಲ್ಲಿ ಮಡಚಿದ ಕಾಗದವಿತ್ತು.

"ಬಿಚ್ಚಿ ನೋಡಿದ್ರಾ?"

"ಹೊಲಿದಿತ್ತಲ್ಲ."

"ಎತ್ತಿದಾಗ ಹೇಗಿತ್ತು? ಪುಸ್ತಕ ಆದ್ರೆ ಮೂಲೆ ಚುಚ್ಚುತ್ತೆ."

ಅವನು ಯೋಚಿಸಿದ. ಅಂಗೈಗಳು ತಾವಾಗಿ ಮೇಲೆದ್ದು, ಗಾಳಿಯಲ್ಲಿ ಇಲ್ಲದ ಭಾರವೊಂದನ್ನು ಹಿಡಿದವು. "ಚುಚ್ಚಲಿಲ್ಲ. ನಡುವೆ ಬಾಗ್ತಾ ಇತ್ತು. ಒದ್ದೆ ಕಾಗದ ಹಾಗೇ ಅಲ್ವಾ ಅಂದುಕೊಂಡೆ. ಅವರು ತಲೆ ಕಡೆ ಹಿಡ್ಕೊಂಡ್ರು, ನಾನು..."

ತಾನಾಡಿದ ಮಾತು ತನ್ನ ಕಿವಿಗೇ ಬಿದ್ದು ನಿಂತ.

"ಎಷ್ಟುದ್ದ ಇತ್ತು?" ಎಂದಳು, ಮೆಲ್ಲಗೆ.

ಮರ ಕಂಡರೆ ಕಣ್ಣಳತೆಯಲ್ಲೇ ಅಂಗುಲ ಹೇಳುವವನು ಅವನು. ಜೀವಮಾನದಲ್ಲಿ ಎಂದೂ ತಪ್ಪಿದ್ದಿಲ್ಲ.

"ಐದಡಿ ಎರಡಂಗುಲ," ಎಂದ.

ಅವಳು ಕೊಕ್ಕೆಯನ್ನು ಗೋಡೆಗೆ ಒರಗಿಸಿ, ಜೇಬಿನಿಂದ ಕಾಗದ ತೆಗೆದು ಅವನ ಮುಂದೆ ಬಿಚ್ಚಿದಳು.

"ಗಂಟಿನೊಳಗೆ ಸಿಕ್ಕಿದ್ದು."

ಅವನು ಕೂದಲನ್ನು ಮುಟ್ಟಲಿಲ್ಲ. "ಅವರ ಹೆಂಡತಿ ಬಸ್ಸು ಹತ್ತಿ ತವರಿಗೆ ಹೋದ್ರು ಅಂತ..."

"ಅಂತ ಯಾರು ಹೇಳಿದ್ರು?"

"ಅವರೇ."

"ಬಸ್ಸು ಹತ್ತಿದ್ದನ್ನ ಯಾರು ನೋಡಿದ್ರು?"

ಅವಳ ಕಣ್ಣಿಗೆ ಹಳದಿ ದೋಣಿಯ ಆ ಹೆಂಗಸು ಬಂದು ನಿಂತಳು. ತನ್ನಷ್ಟೇ ಎತ್ತರ. ಒಮ್ಮೆ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಾಗ ಗುಬ್ಬಿ ತಲೆಯ ಮೇಲೆ ಪುಸ್ತಕವಿಟ್ಟು ನೋಡಿ, ಸಮಸಮ ಎಂದಿದ್ದಳು. ಮಾತು ಕಡಿಮೆ. ಗಂಡ ಹತ್ತಿರ ಬಂದರೆ ಇನ್ನೂ ಕಡಿಮೆ. ಕೂದಲ ಬುಡ ಬೆಳ್ಳಗಾಗಿದೆ, ಬಣ್ಣ ತರಿಸಬೇಕು ಎಂದು ಅತ್ತೆಯ ಹತ್ತಿರ ನಾಚಿಕೊಂಡು ಹೇಳಿದ್ದಳು. ಆ ಬಣ್ಣದ ಪೊಟ್ಟಣ ಇನ್ನೂ ಬಾತುಕೋಳಿಯ ಕಪಾಟಿನಲ್ಲೇ ಇದೆ. ಅತ್ತೆ ತರಿಸಿಟ್ಟಿದ್ದರು, ತೆಗೆದುಕೊಂಡು ಹೋಗಲು ಅವಳೇ ಬರಲಿಲ್ಲ.

"ನಾನು ಕಾಲು ಹಿಡ್ಕೊಂಡಿದ್ದೆ," ಎಂದ ಬಡಗಿ. ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. "ನಾನೇ ಗಂಟು ಹಾಕಿದ್ದು ಕಣೆ. ನನ್ನ ಕೈಯಾರೆ."

ಅಳಲು ಹೊತ್ತಿರಲಿಲ್ಲ. "ಅವನೆಲ್ಲಿ ಈಗ?"

"ಅದೇ ತಿಳೀತಿಲ್ಲ. ನಾನು ಬಂದಾಗ ಇರಲಿಲ್ಲ. ಬೀಡಿ ಇನ್ನೂ ಹೊಗೆಯಾಡ್ತಾ ಇತ್ತು. ಇಲ್ಲೇ ಎಲ್ಲೋ ಹೊರಗೆ ಹೋಗಿದ್ದಾರೆ ಅಂತ ಕಾಯ್ತಾ ನಿಂತೆ."

ಚಾಪೆಯ ತಲೆದಿಂಬಿನ ಎದುರಿಗೆ ಒಂದು ಕಿಟಕಿಯಿತ್ತು. ಹಲಗೆ ಹೊಡೆದ ಕಿಟಕಿ, ಒಂದು ಹಲಗೆ ಮಾತ್ರ ಕಿತ್ತಿತ್ತು. ಅವಳು ಹೋಗಿ ಆ ಸಂದಿಗೆ ಕಣ್ಣಿಟ್ಟಳು. ಗಿಡಗಳ ಮೇಲಿಂದ ಹಿನ್ನೀರಿನ ನಡುಭಾಗ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಬೆಳಿಗ್ಗೆ ಲಂಗರು ಎತ್ತಿದ ಜಾಗ. ಈ ಗೋಡೆಗೆ ಒರಗಿ, ಬೀಡಿ ಸೇದುತ್ತಾ, ಅವನು ಎಲ್ಲವನ್ನೂ ನೋಡಿದ್ದಾನೆ. ಬಿಲ್ಲೆ ಮೇಲೆ ಬಂದದ್ದು. ಚಾದರ ಹಾಸಿದ್ದು. ಇಬ್ಬರು ದಡಕ್ಕೆ ಹೊರಟದ್ದು. ಇಬ್ಬರು ಉಳಿದದ್ದು.

"ಅವನ ಮೋಟರು ದೋಣಿ ಎಲ್ಲಿಟ್ಟಿದ್ರಿ?"

"ಹಿಂದೆ. ಗಿಡದ ಮರೆಯಲ್ಲಿ."

ಹಿಂಬಾಗಿಲಿನಿಂದ ಇಬ್ಬರೂ ಓಡಿದರು. ಕೆಸರಿನಲ್ಲಿ ಮೊಣಕಾಲುದ್ದ ಹೂತು, ಬೇರುಗಳನ್ನು ದಾಟಿ ನೀರಂಚಿಗೆ ಬಂದರು. ಕಟ್ಟುವ ಗೂಟ ಇತ್ತು. ದೋಣಿ ಇರಲಿಲ್ಲ. ಕೆಸರಿನ ಮೇಲೆ ಅದನ್ನು ತಳ್ಳಿಕೊಂಡು ಹೋದ ಅಗಲ ಗುರುತು, ಅದರ ಪಕ್ಕ ಬರಿಗಾಲಿನ ಹೆಜ್ಜೆಗಳು. ಹೆಜ್ಜೆಗಳೊಳಗೆ ನೀರು ಒಸರಿ ಆಗಲೇ ತುಂಬಿತ್ತು.

ಮೋಟರಿನ ಸದ್ದು ಅವಳಿಗೆ ಕೇಳಿಸಿರಲಿಲ್ಲ. ಹುಟ್ಟು ಹಾಕಿಕೊಂಡೇ ಹೋಗಿದ್ದಾನೆ.

ತಮ್ಮ ಸಣ್ಣ ದೋಣಿ ದೀಪಸ್ತಂಭದ ಕಟ್ಟೆಯಲ್ಲಿತ್ತು. ಅಲ್ಲಿಗೆ ಓಡಿದರೂ ಇಪ್ಪತ್ತು ನಿಮಿಷ. ಅವಳು ರೇಡಿಯೋ ಬಾಯಿಗೆ ತಂದಳು. ಗುಬ್ಬಿ ಕರೆಯಬೇಕಾದ ಹೊತ್ತು ಮೀರಿ ಹೋಗಿತ್ತು.

"ಗುಬ್ಬಿ. ಗುಬ್ಬಿ, ಅಮ್ಮ ಮಾತಾಡ್ತಿದ್ದೀನಿ."

ಕರಕರ.

"ಗುಬ್ಬಿ, ಕೇಳಿಸ್ತಾ?"

"ಅಮ್ಮ." ಮಗಳ ದನಿಯಲ್ಲಿ ಹಬ್ಬದ ಸಂಭ್ರಮವಿತ್ತು. "ನಾನೇ ಕರೆಯೋಳಿದ್ದೆ. ಏನು ಗೊತ್ತಾ? ನಕ್ಷೆ ಅಂಕಲ್ ಸತ್ತಿಲ್ಲ. ಇಲ್ಲೇ ಬಂದಿದ್ದಾರೆ."

ಬಡಗಿ ನೀರಿಗೆ ಧುಮುಕಿಯಾಗಿತ್ತು. ಬಟ್ಟೆ ಸಮೇತ, ಒಂದೇ ಉಸಿರಿಗೆ ಕೈ ಬೀಸುತ್ತಾ. ಬಾತುಕೋಳಿ ಕಾಲು ಮೈಲಿ ದೂರದಲ್ಲಿತ್ತು, ಅದರ ಪಕ್ಕೆಗೆ ಬೂದು ಬಣ್ಣದ ಚಿಕ್ಕ ದೋಣಿಯೊಂದು ಅಂಟಿಕೊಂಡಿತ್ತು.

"ಪುಟ್ಟಿ, ನಾನು ಹೇಳೋದನ್ನ ಗಮನ ಇಟ್ಟು ಕೇಳು." ದನಿ ಅಲುಗದಂತೆ ಅವಳು ಎಡಗೈಯಿಂದ ಗಿಡದ ಬೇರೊಂದನ್ನು ಹಿಡಿದುಕೊಂಡಳು. "ರೇಡಿಯೋ ಅಜ್ಜಿಗೆ ಕೊಡು."

"ಅಜ್ಜಿ ಮಲಗಿದ್ದಾರೆ. ಅಂಕಲ್ ಮಾಡಿಕೊಟ್ಟ ಚಹಾ ಕುಡಿದ್ರು, ಹಾಗೇ ಒರಗಿಬಿಟ್ರು. ಸೂಜಿ ಕೈಯಲ್ಲೇ ಇದೆ. ಎಬ್ಬಿಸಿದೆ, ಏಳ್ತಿಲ್ಲ."

"ನೀನು ಕುಡಿದ್ಯಾ?"

"ನಂಗೆ ಚಹಾ ಸೇರಲ್ಲ ಅಂತ ನಿನಗೆ ಗೊತ್ತಲ್ಲ."

"ಸರಿ. ಈಗ ಒಳಗೆ ಹೋಗಿ ಬಾಗಿಲು ಚಿಲಕ ಹಾಕ್ಕೋ. ಈಗಲೇ. ಅಪ್ಪ ಬರ್ತಿದ್ದಾರೆ."

ರೇಡಿಯೋದ ಆಚೆಯಿಂದ ಗಂಡಸಿನ ದನಿ, ತೀರ ಹತ್ತಿರದಿಂದ, ತೀರ ಮೃದುವಾಗಿ ಏನೋ ಹೇಳಿತು. ಗುಬ್ಬಿ "ಹೂಂ" ಎಂದಳು.

"ಆಮೇಲೆ ಹಾಕ್ಕೊಳ್ತೀನಿ ಅಮ್ಮ. ಆಂಟಿ ಎಲ್ಲಿ ಅಂತ ಕೇಳಿದೆ. ಇಲ್ಲೇ ಕೆಳಗಿದ್ದಾರಂತೆ. ಬಾ, ತೋರಿಸ್ತೀನಿ ಅಂತ ಅಂಕಲ್ ನನ್ನ ಕೈ ಹಿಡ್ಕೊಂಡಿದ್ದಾರೆ."